ಸಿಟಿ ಸ್ಕ್ಯಾನ್‌ನಿಂದ ತಲೆಬುರುಡೆಯ ಇಂಪ್ಲಾಂಟ್ ತನಕ: ಹಂತ ಹಂತದ ಮಾರ್ಗದರ್ಶಿ

ತಲೆಬುರುಡೆಯಲ್ಲಿ ಮೂಳೆ ಹೋದ ಜಾಗಕ್ಕೆ ಹಾಕುವ ಕೃತಕ ತುಂಡು, ಅಂದರೆ ಇಂಪ್ಲಾಂಟ್, ಕಂಪ್ಯೂಟರ್ ಪರದೆಯ ಮೇಲೆ ಸರಿಯಾಗಿ ಕೂರುತ್ತದೆ. ಓಟಿಯಲ್ಲಿ ಕೂರುವುದಿಲ್ಲ. ಒಂದು ಮೂಲೆ ಎದ್ದು ನಿಲ್ಲುತ್ತದೆ, ಇಲ್ಲವೇ ಒಂದು ಬದಿಯಲ್ಲಿ ದೊಡ್ಡ ಸಂದಿ ಉಳಿಯುತ್ತದೆ. ಅಷ್ಟರಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ನೆತ್ತಿಯ ಚರ್ಮ ಬಿಡಿಸಿ ಆಗಿರುತ್ತದೆ. ಸರ್ಜನ್ ಡ್ರಿಲ್ ಹಿಡಿದು ಇಂಪ್ಲಾಂಟನ್ನು ಸವೆಸುತ್ತಾ ನಿಲ್ಲಬೇಕಾಗುತ್ತದೆ. ಗಾಯ ತೆರೆದಿರುವ ಹೊತ್ತು ಹೆಚ್ಚಿದಷ್ಟೂ ಸೋಂಕಿನ ಭಯ ಹೆಚ್ಚು.

ಈ ಕೆಲಸ ಕಲಿಯುವ ಬಯೋಮೆಡಿಕಲ್ ಎಂಜಿನಿಯರುಗಳು, ನ್ಯೂರೋಸರ್ಜರಿ ಓದುತ್ತಿರುವ ಡಾಕ್ಟರುಗಳು ಮತ್ತೆ ಮತ್ತೆ ಇಲ್ಲೇ ಎಡವುತ್ತಾರೆ. ಸಾಫ್ಟ್‌ವೇರ್ ಗೊತ್ತಿಲ್ಲದೆ ಅಲ್ಲ. ತಪ್ಪು ಹೆಚ್ಚಾಗಿ ಎರಡು ಕಡೆ ಆಗುತ್ತದೆ: ಸ್ಕ್ಯಾನ್ ಮಾಡಿಸುವಾಗ, ಮತ್ತು ಮೂಳೆಯ ಅಂಚು ಗುರುತಿಸುವಾಗ. ಎರಡೂ ಚಂದದ ಆಕಾರ ಕೊಡುವ ಕೆಲಸಕ್ಕಿಂತ ಮೊದಲೇ ಬರುತ್ತವೆ. ಅದಕ್ಕೇ ಇಲ್ಲಿ ಅವೆರಡಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಒಂದೇ ಬಗೆಯ ಕೇಸ್ ಇಟ್ಟುಕೊಳ್ಳೋಣ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಮೆದುಳು ಊದಿಕೊಂಡಿದೆ. ಜೀವ ಉಳಿಸಲು ಎಡಗಡೆಯ ಮೂಳೆಯನ್ನು ದೊಡ್ಡದಾಗಿ ಕತ್ತರಿಸಿ ತೆಗೆದಿದ್ದಾರೆ. ತೆಗೆದ ಮೂಳೆಯನ್ನು ಹೊಟ್ಟೆಯ ಚರ್ಮದ ಕೆಳಗೋ ಫ್ರೀಜರ್‌ನಲ್ಲೋ ಇಟ್ಟು, ಊತ ಇಳಿದ ಮೇಲೆ ವಾಪಸ್ ಹಾಕುವುದು ರೂಢಿ. ಆ ಮೂಳೆಗೆ ಸೋಂಕು ತಗುಲಿದ್ದರೆ, ಅದು ಚೂರಾಗಿದ್ದರೆ, ಕರಗಿಹೋಗಿದ್ದರೆ ಹೊಸದೊಂದು ಬೇಕು. ನಾವು ಮಾಡಲು ಹೊರಟಿರುವುದು ಅದನ್ನೇ.

## ಶುರುವಿಗೆ ಮುಂಚೆ ಬೇಕಾದ ಸಾಮಾನು

ಕಲಿಯಲು ಉಚಿತ ಸಾಫ್ಟ್‌ವೇರ್ ಸಾಕು. ಸ್ಕ್ಯಾನ್ ತೆರೆದು ಮೂಳೆ ಬೇರ್ಪಡಿಸಲು 3ಡಿ ಸ್ಲೈಸರ್, ಆಕಾರ ತಿದ್ದಲು ಬ್ಲೆಂಡರ್ ಅಥವಾ ಮೆಶ್‌ಮಿಕ್ಸರ್. ಮೆಶ್‌ಮಿಕ್ಸರ್ ಈಗ ಹೊಸದಾಗಿ ಅಭಿವೃದ್ಧಿ ಆಗುತ್ತಿಲ್ಲ, ಆದರೂ ಈ ಕೆಲಸಕ್ಕೆ ಒಗ್ಗುತ್ತದೆ. ಒಂದು ಸಾಧಾರಣ 3ಡಿ ಪ್ರಿಂಟರ್, ಅದಕ್ಕೆ ಹಾಕುವ ಪಿಎಲ್ಎ ಪ್ಲಾಸ್ಟಿಕ್ ದಾರ, ಒಂದು ಡಿಜಿಟಲ್ ವರ್ನಿಯರ್ ಕ್ಯಾಲಿಪರ್ ಬೇಕು. ಕ್ಯಾಲಿಪರ್ ಇಲ್ಲದೆ ಈ ಕೆಲಸಕ್ಕೆ ಕೂರಲೇಬೇಡಿ. ಕಂಪ್ಯೂಟರ್‌ನಲ್ಲಿ 16 ಜಿಬಿ ರಾಮ್ ಇದ್ದರೆ ಒಳ್ಳೆಯದು.

3ಡಿ ಸ್ಲೈಸರ್ ಇರುವುದು ಸಂಶೋಧನೆಗೆ, ಕಲಿಕೆಗೆ. ಅದು ಚಿಕಿತ್ಸೆಗೆ ಅನುಮತಿ ಪಡೆದ ಸಾಧನವಲ್ಲ. ರೋಗಿಯ ದೇಹಕ್ಕೆ ಹೋಗುವ ಅಂತಿಮ ವಿನ್ಯಾಸವನ್ನು ಅನುಮತಿ ಇರುವ ತಯಾರಕರು, ಅನುಮತಿ ಇರುವ ಸಾಫ್ಟ್‌ವೇರಿನಲ್ಲಿ, ಸರ್ಜನ್ ಸಹಿಯೊಂದಿಗೆ ಮಾಡಬೇಕು. ನೀವು ತಯಾರಕರ ಕಡೆ ಕೆಲಸಕ್ಕಿದ್ದರೂ ಆಸ್ಪತ್ರೆಯ ಕಡೆ ಇದ್ದರೂ ಕೆಳಗಿನ ಹಂತಗಳ ಕ್ರಮ ಒಂದೇ.

## ಹಂತ 1: ಮೊದಲು ಸರ್ಜನ್ ಜೊತೆ ಮಾತಾಡಿ

ಮೌಸ್ ಮುಟ್ಟುವ ಮುಂಚೆ ಕೆಲವು ಉತ್ತರಗಳು ಕೈಯಲ್ಲಿರಬೇಕು. ಯಾವ ಕಡೆ, ಎಡವೋ ಬಲವೋ? ಬಾಯಿಮಾತಲ್ಲಿ ಬೇಡ, ಬರೆಸಿಕೊಳ್ಳಿ. ಯಾವ ವಸ್ತು ಯೋಚಿಸಿದ್ದಾರೆ? ಹಳೆಯ ಗಾಯದ ಗುರುತಿನಲ್ಲೇ ಚರ್ಮ ತೆರೆಯುತ್ತಾರೋ? ಕಿವಿಯ ಮೇಲಿನ ಟೆಂಪೊರಾಲಿಸ್ ಸ್ನಾಯುವನ್ನು ಬಿಡಿಸುತ್ತಾರೋ, ಇದ್ದಲ್ಲೇ ಬಿಡುತ್ತಾರೋ? ತಲೆಯಲ್ಲಿ ಶಂಟ್, ಅಂದರೆ ಮೆದುಳಿನ ನೀರು ಹೊರಹರಿಸುವ ನಳಿಕೆ, ಇದೆಯಾ? ಹಿಂದೆ ಸೋಂಕು ಆಗಿತ್ತಾ?

ಸ್ನಾಯುವಿನ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲ ಆಪರೇಷನ್ ಆದ ಮೇಲೆ ಆ ಸ್ನಾಯು ಕೆಳಗೆ ಸರಿದು ಮೆದುಳಿನ ಹೊದಿಕೆಯಾದ ಡ್ಯೂರಾ ಪೊರೆಗೆ ಅಂಟಿಕೊಂಡಿರುತ್ತದೆ. ಸರ್ಜನ್ ಅದನ್ನು ಬಿಡಿಸದಿದ್ದರೆ ಇಂಪ್ಲಾಂಟ್ ಅದರ ಮೇಲೆ ಕೂರಬೇಕು. ಆಗ ಆ ಜಾಗದಲ್ಲಿ ಇಂಪ್ಲಾಂಟ್ ತೆಳ್ಳಗಿರಬೇಕು, ಅಥವಾ ಕೆಳ ಅಂಚನ್ನು ಮೇಲಕ್ಕೇ ನಿಲ್ಲಿಸಬೇಕು. ಇದು ಗೊತ್ತಿಲ್ಲದೆ ಕೆಳಗಿನ ತನಕ ಪೂರ್ತಿ ದಪ್ಪದಲ್ಲಿ ಮಾಡಿದ ತುಂಡು ಓಟಿಯಲ್ಲಿ ಕೂರದು.

## ಹಂತ 2: ಸರಿಯಾದ ಸ್ಕ್ಯಾನ್ ತರಿಸಿ

ಇಲ್ಲಿ ಸೋತರೆ ಮುಂದೆ ಏನು ಮಾಡಿದರೂ ಸರಿಹೋಗದು.

ರೋಗಿಯ ಮನೆಯವರು ಸಾಮಾನ್ಯವಾಗಿ ದೊಡ್ಡ ಲಕೋಟೆಯಲ್ಲಿ ಫಿಲ್ಮ್ ತರುತ್ತಾರೆ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಾರೆ. ಎರಡೂ ಪ್ರಯೋಜನಕ್ಕಿಲ್ಲ. ನಮಗೆ ಬೇಕಾದ್ದು ಡೈಕಾಮ್ ಫೈಲುಗಳು, ಅಂದರೆ ಅಳತೆಗಳ ಸಮೇತ ಇರುವ ಸ್ಕ್ಯಾನಿನ ಮೂಲ ಫೈಲುಗಳು. ಅವು ಸಿಡಿಯಲ್ಲಿ ಅಥವಾ ಆಸ್ಪತ್ರೆಯ ಸರ್ವರ್‌ನಲ್ಲಿ ಇರುತ್ತವೆ. ಸಿಡಿ ಇದೆ ಅಂದ ಮಾತ್ರಕ್ಕೆ ನೆಮ್ಮದಿ ಬೇಡ. ಕೆಲವು ಸಿಡಿಗಳಲ್ಲಿ ಬರೀ ಜೆಪೆಗ್ ಚಿತ್ರಗಳು, ಇನ್ನು ಕೆಲವದರಲ್ಲಿ 5 ಮಿ.ಮೀ. ದಪ್ಪದ ಸ್ಲೈಸುಗಳು (ತಲೆಯ ಅಡ್ಡ ಹೋಳಿನ ಚಿತ್ರಗಳು) ಮಾತ್ರ ಇರುತ್ತವೆ. ರಕ್ತ ಹೆಪ್ಪುಗಟ್ಟಿದೆಯಾ ಎಂದು ನೋಡಲು 5 ಮಿ.ಮೀ. ಸಾಕು. ಇಂಪ್ಲಾಂಟ್‌ಗೆ ಸಾಲದು. ತಲೆಯ ನೆತ್ತಿ ದುಂಡಗೆ ಬಾಗುವ ಕಡೆ ಅಷ್ಟು ದಪ್ಪದ ಸ್ಲೈಸಿನಲ್ಲಿ ಮೂಳೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಂಚು ಯಾವ ಮೆಟ್ಟಿಲಲ್ಲಿದೆ ಎಂದು ಹೇಳಲು ಆಗುವುದೇ ಇಲ್ಲ.

ಸ್ಕ್ಯಾನ್ ಚೀಟಿಯಲ್ಲಿ ಹೀಗೆ ಬರೆಸಿ:

- ಸ್ಲೈಸ್ ದಪ್ಪ 1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. 0.625 ಮಿ.ಮೀ. ಸಿಕ್ಕರೆ ಚೆನ್ನ. ಸ್ಲೈಸುಗಳ ಮಧ್ಯೆ ಖಾಲಿ ಜಾಗ ಇರಬಾರದು.
- ಗ್ಯಾಂಟ್ರಿ (ಸಿಟಿ ಯಂತ್ರದ ಉಂಗುರ) ವಾಲಿಸಬಾರದು, ಸೊನ್ನೆ ಡಿಗ್ರಿ.
- ನೆತ್ತಿಯ ತುದಿಯಿಂದ ಮೇಲ್ದವಡೆಯ ತನಕ ಪೂರ್ತಿ ತಲೆ. ಯಾವ ಬದಿಯೂ ಚಿತ್ರದ ಚೌಕಟ್ಟಿನಿಂದ ಆಚೆ ಹೋಗಬಾರದು.
- ಮೃದು ಮತ್ತು ಮೂಳೆ, ಎರಡೂ ಕರ್ನೆಲ್‌ನಲ್ಲಿ ತೆಳು ಸ್ಲೈಸುಗಳು.

ಕರ್ನೆಲ್ ಅಂದರೆ ಕಚ್ಚಾ ಡೇಟಾದಿಂದ ಚಿತ್ರ ಮಾಡುವಾಗ ಬಳಸುವ ಗಣಿತದ ಜರಡಿ. ಎರಡು ಯಾಕೆ? ಮೂಳೆ ಕರ್ನೆಲ್ ಅಂಚನ್ನು ಚೂಪಾಗಿ ತೋರಿಸುತ್ತದೆ, ಜೊತೆಗೆ ಚುಕ್ಕೆ ಚುಕ್ಕೆ ಗದ್ದಲವನ್ನೂ ತರುತ್ತದೆ. ಮಾದರಿ ತೆಗೆಯಲು ಮೃದು ಕರ್ನೆಲ್ ಸುಲಭ. ಅನುಮಾನ ಬಂದ ಕಡೆ ಮೂಳೆ ಕರ್ನೆಲ್ ನೋಡಿ ಖಾತ್ರಿ ಮಾಡಿಕೊಳ್ಳಬಹುದು.

ಈಗಾಗಲೇ ಸ್ಕ್ಯಾನ್ ಆಗಿದ್ದರೆ ಮತ್ತೆ ರೇಡಿಯೇಷನ್ ಕೊಡುವ ಮುಂಚೆ ಆ ಸೆಂಟರ್‌ಗೆ ಒಂದು ಫೋನ್ ಮಾಡಿ. ಯಂತ್ರದಲ್ಲಿ ಕಚ್ಚಾ ಡೇಟಾ ಉಳಿದಿದ್ದರೆ ಅದರಿಂದಲೇ ತೆಳು ಸ್ಲೈಸ್ ತೆಗೆದುಕೊಡಬಹುದು. ಆದರೆ ಆ ಡೇಟಾ ಸ್ವಲ್ಪ ದಿನಗಳಲ್ಲೇ ಅಳಿಸಿಹೋಗುತ್ತದೆ, ತಡ ಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ತಲೆಪೆಟ್ಟಿನ ರೋಗಿಗಳು ಬರುತ್ತಾರೆ. ಅಂಥವರು ಮುಂದಿನ ಸ್ಕ್ಯಾನನ್ನು ಊರ ಹತ್ತಿರ ಮಾಡಿಸುವುದಾದರೆ ಮೇಲಿನ ಸಾಲುಗಳನ್ನು ಚೀಟಿಯಲ್ಲೇ ಬರೆದು ಕೈಗೆ ಕೊಡಿ. ಬಾಯಲ್ಲಿ ಹೇಳಿ ಕಳಿಸಿದ್ದು ಟೆಕ್ನಿಷಿಯನ್ ತನಕ ತಲುಪದು.

ಸ್ಕ್ಯಾನ್ ಹಳೆಯದಾಗಿರಬಾರದು. ಮೂಳೆ ತೆಗೆದ ಮರುದಿನದ ಸ್ಕ್ಯಾನಿನಲ್ಲಿ ಅಂಚು ಚೂಪಾಗಿರುತ್ತದೆ. ತಿಂಗಳುಗಳು ಕಳೆದಂತೆ ಅದೇ ಅಂಚು ಸವೆದು ದುಂಡಗಾಗುತ್ತದೆ, ಅಲ್ಲಲ್ಲಿ ಹೊಸ ಮೂಳೆಯೂ ಬೆಳೆಯುತ್ತದೆ. ಮಕ್ಕಳಲ್ಲಿ ತಲೆಯೇ ಬೆಳೆಯುತ್ತಿರುತ್ತದೆ. ಆಪರೇಷನ್‌ಗೆ ಹತ್ತಿರದ ಸ್ಕ್ಯಾನನ್ನೇ ಬಳಸಿ. ಮಾಮೂಲಿ ಎಂಆರ್‌ಐ ಇದ್ದರೂ ಉಪಯೋಗವಿಲ್ಲ, ಅದರಲ್ಲಿ ಮೂಳೆ ಸರಿಯಾಗಿ ಕಾಣುವುದಿಲ್ಲ.

## ಹಂತ 3: ಫೈಲ್ ತೆರೆದ ಕೂಡಲೇ ಮಾಡುವ ತಪಾಸಣೆ

ಡೇಟಾ ಕೈಗೆ ಬಂದ ತಕ್ಷಣ ಹೆಸರು, ಆಸ್ಪತ್ರೆ ನಂಬರ್ ತೆಗೆದು ಒಂದು ಕೋಡ್ ಕೊಡಿ. ಕೋಡ್ ಯಾರದ್ದು ಎಂಬ ಪಟ್ಟಿ ಆಸ್ಪತ್ರೆಯಲ್ಲೇ ಇರಲಿ. ಚರ್ಮದ 3ಡಿ ಚಿತ್ರ ತೆಗೆದರೆ ರೋಗಿಯ ಮುಖ ಗುರುತು ಸಿಗುತ್ತದೆ, ಅದನ್ನು ಗ್ರೂಪುಗಳಲ್ಲಿ ಹಂಚಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೆ, ಅದಕ್ಕಿಂತ ಮೊದಲು ರೋಗಿಯ ಮಾನ ಇದೆ.

ಆಮೇಲೆ ಸ್ಲೈಸ್ ಎಣಿಸಿ. 160 ಮಿ.ಮೀ. ಎತ್ತರದ ತಲೆಗೆ 0.625 ಮಿ.ಮೀ. ಅಂತರದಲ್ಲಿ ಸುಮಾರು 256 ಸ್ಲೈಸ್ ಇರಬೇಕು. ಸರಣಿಯಲ್ಲಿ 32 ಸ್ಲೈಸ್ ಕಂಡರೆ ಅದು 5 ಮಿ.ಮೀ.ದು, ಅಲ್ಲಿಗೇ ನಿಲ್ಲಿಸಿ. ಪಿಕ್ಸೆಲ್ ಅಳತೆಯನ್ನೂ ನೋಡಿ. 250 ಮಿ.ಮೀ. ಅಗಲದ ಚಿತ್ರದಲ್ಲಿ 512 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಸುಮಾರು 0.49 ಮಿ.ಮೀ. ಇದಕ್ಕಿಂತ ತುಂಬಾ ದೊಡ್ಡ ಸಂಖ್ಯೆ ಬಂದರೆ ಚೌಕಟ್ಟನ್ನು ಅನಗತ್ಯವಾಗಿ ಅಗಲ ಮಾಡಿ ಸ್ಕ್ಯಾನ್ ಮಾಡಿದ್ದಾರೆ ಎಂದರ್ಥ.

ಗ್ಯಾಂಟ್ರಿ ವಾಲಿರುವುದು ಬಹಳ ಮೋಸದ ತಪ್ಪು. ಕಣ್ಣಿನ ಮಸೂರಕ್ಕೆ ಕಿರಣ ಬೀಳದಿರಲಿ ಎಂದು ತಲೆಯ ಸಿಟಿಯಲ್ಲಿ ಯಂತ್ರವನ್ನು ವಾಲಿಸುವ ರೂಢಿ ಇದೆ. ಸಾಫ್ಟ್‌ವೇರ್ ಆ ಕೋನವನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಇಡೀ ತಲೆಬುರುಡೆ ಓರೆಯಾಗಿ ಜಾರಿದ ಹಾಗೆ ಬರುತ್ತದೆ. ಬದಿಯಿಂದ ನೋಡಿದಾಗ ಹಣೆ ಅತಿಯಾಗಿ ಹಿಂದಕ್ಕೋ ಮುಂದಕ್ಕೋ ಓಡುತ್ತಿದ್ದರೆ ಅನುಮಾನಿಸಿ. 3ಡಿ ಸ್ಲೈಸರ್‌ನ ಡೈಕಾಮ್ ಸೆಟ್ಟಿಂಗ್‌ನಲ್ಲಿ ಇದನ್ನು ಸರಿಪಡಿಸುವ ಆಯ್ಕೆ ಇದೆ. ನಡುವೆ ಸ್ಲೈಸ್ ಕಳೆದುಹೋಗಿದ್ದರೂ ಅದು ಎಚ್ಚರಿಕೆ ತೋರಿಸುತ್ತದೆ. ಆ ಎಚ್ಚರಿಕೆಯ ಕಿಟಕಿಯನ್ನು ಓದದೆ ಮುಚ್ಚುವವರೇ ಜಾಸ್ತಿ.

ಕೊನೆಗೆ ಎಡ-ಬಲ. ಚಿತ್ರದ ಮೇಲಿನ ಅಕ್ಷರ, ಸರ್ಜನ್ ಬರೆದುಕೊಟ್ಟ ಕಡೆ, ರೇಡಿಯಾಲಜಿ ರಿಪೋರ್ಟ್, ಮೂರೂ ಹೊಂದಬೇಕು. ಒಂದು ಹೊಂದದಿದ್ದರೂ ಫೋನ್ ಮಾಡಿ.

## ಹಂತ 4: ಮೂಳೆಯನ್ನು ಬೇರ್ಪಡಿಸಿ

ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಹೌನ್ಸ್‌ಫೀಲ್ಡ್ ಸಂಖ್ಯೆ ಇರುತ್ತದೆ. ಗಾಳಿ -1000, ನೀರು 0, ಮೆದುಳು 40ರ ಆಸುಪಾಸು, ಗಟ್ಟಿ ಮೂಳೆ ಸಾವಿರ ದಾಟುತ್ತದೆ. ಸೆಗ್ಮೆಂಟ್ ಎಡಿಟರ್‌ನಲ್ಲಿ ಥ್ರೆಶೋಲ್ಡ್ ಹಾಕಿ ಇಂತಿಷ್ಟರ ಮೇಲಿನದೆಲ್ಲ ಮೂಳೆ ಎಂದು ಹೇಳುತ್ತೇವೆ.

ಎಷ್ಟು ಹಾಕಬೇಕು? ಅನೇಕರು 226 ಎಂಬ ಸಂಖ್ಯೆ ಹಾಕಿ ಮುಂದೆ ಹೋಗುತ್ತಾರೆ. ಶುರುವಿಗೆ ಅದು ಸರಿ, ಆದರೆ ಎಲ್ಲ ಸ್ಕ್ಯಾನಿಗೂ ಅದೇ ಸರಿಯಲ್ಲ. ಮೂಳೆಯ ನಿಜವಾದ ಮೇಲ್ಮೈ ಇರುವುದು ಮೂಳೆಯ ಸಂಖ್ಯೆ ಮತ್ತು ಪಕ್ಕದ ಮಾಂಸದ ಸಂಖ್ಯೆಯ ನಡುಮಧ್ಯದ ಸುಮಾರಿನಲ್ಲಿ. ಅಂಚಿಗೆ ಅಡ್ಡಲಾಗಿ ಒಂದು ಗೆರೆ ಎಳೆದು ಸಂಖ್ಯೆ ಹೇಗೆ ಏರುತ್ತದೆ ನೋಡಿ. 40ರಿಂದ 1000ಕ್ಕೆ ಏರುತ್ತಿದ್ದರೆ ನಡುಮಧ್ಯ 520. ಅಲ್ಲಿ 226 ಹಾಕಿದರೆ ಮೂಳೆ ಸ್ವಲ್ಪ ಉಬ್ಬಿ ಕಾಣುತ್ತದೆ, ಖಾಲಿ ಜಾಗ ಚಿಕ್ಕದಾಗುತ್ತದೆ. 800 ಹಾಕಿದರೆ ಮೂಳೆ ಕುಗ್ಗಿ ಖಾಲಿ ಜಾಗ ದೊಡ್ಡದಾಗುತ್ತದೆ, ಅದಕ್ಕೆ ಮಾಡಿದ ಇಂಪ್ಲಾಂಟ್ ಕೂರದು. ಒಂದು ಕಡೆ ಅರ್ಧ ಮಿಲಿಮೀಟರ್ ತಪ್ಪಿದರೆ ಎದುರು ಬದುರು ಅಂಚು ಸೇರಿ ಒಂದು ಮಿಲಿಮೀಟರ್.

ಕಿವಿಯ ಮೇಲೆ, ಕಣ್ಣಿನ ಗೂಡಿನ ಚಾವಣಿಯಲ್ಲಿ ಮೂಳೆ ಕಾಗದದಷ್ಟು ತೆಳು. ಅಲ್ಲಿ ಮೂಳೆ ಮತ್ತು ಮಾಂಸ ಒಂದೇ ಚುಕ್ಕೆಯಲ್ಲಿ ಬೆರೆತು ಸಂಖ್ಯೆ ಇಳಿಯುತ್ತದೆ, ಮಾದರಿಯಲ್ಲಿ ತೂತು ಕಾಣುತ್ತದೆ. ಅದು ನಿಜವಾದ ತೂತಲ್ಲ. ಹಾಗಂತ ಇಡೀ ತಲೆಗೆ ಥ್ರೆಶೋಲ್ಡ್ ಇಳಿಸಬೇಡಿ. ಆ ಜಾಗವನ್ನು ಮಾತ್ರ ಬ್ರಷ್‌ನಿಂದ ತುಂಬಿ.

ಹಳೆಯ ಪ್ಲೇಟು, ಕ್ಲಿಪ್ಪು, ಸ್ಟೇಪಲ್ ಇದ್ದರೆ ಅವುಗಳ ಸುತ್ತ ಬಿಳಿ-ಕಪ್ಪು ಪಟ್ಟೆಗಳು ಹರಡಿರುತ್ತವೆ. ಆ ಪಟ್ಟೆಗಳನ್ನು ಮೂಳೆ ಎಂದುಕೊಂಡು ಸೇರಿಸಿಬಿಡುವ ಸಾಧ್ಯತೆ ಇದೆ. ಲೋಹವನ್ನು ಬೇರೆ ಸೆಗ್ಮೆಂಟ್ ಆಗಿ ಗುರುತಿಸಿ, ಪಟ್ಟೆಗಳನ್ನು ಕೈಯಾರೆ ಅಳಿಸಿ. ಐಲ್ಯಾಂಡ್ಸ್ ಉಪಕರಣದಿಂದ ದೊಡ್ಡ ತುಂಡನ್ನು ಉಳಿಸಿಕೊಂಡು ತಲೆದಿಂಬು, ಚೂರುಪಾರು ತೆಗೆಯಿರಿ. ಕತ್ತರಿಯಿಂದ ಕುತ್ತಿಗೆಯ ಮೂಳೆ ಬೇರೆ ಮಾಡಿ.

ನುಣುಪು ಮಾಡುವ ಆಸೆ ತಡೆಯಿರಿ. ಸ್ಮೂಥಿಂಗ್ ಜಾಸ್ತಿ ಆದರೆ ಮಾದರಿ ಚಂದ ಕಾಣುತ್ತದೆ, ಅಂಚು ಹಿಂದೆ ಸರಿದುಬಿಡುತ್ತದೆ. ನುಣುಪು ಮಾಡಿದ ಮೇಲೆ ಮಾದರಿಯ ಗೆರೆಯನ್ನು ಮೂಲ ಸ್ಲೈಸಿನ ಮೇಲೆ ಹಾಕಿ ನೋಡಿ. ಗೆರೆ ಮೂಳೆಯ ಅಂಚಿನ ಮೇಲೇ ಇರಬೇಕು.

## ಹಂತ 5: ಅಂಚನ್ನು ಕಣ್ಣಾರೆ ಓದಿ

ಈ ಹಂತಕ್ಕೆ ಸಾಫ್ಟ್‌ವೇರಿನಲ್ಲಿ ಬಟನ್ ಇಲ್ಲ. ನಿಧಾನವಾಗಿ ಮಾಡಬೇಕು.

ಮೂಳೆ ಚೆನ್ನಾಗಿ ಕಾಣುವಂತೆ ಬೆಳಕು-ಕತ್ತಲೆ ಹೊಂದಿಸಿದ ಮೂಳೆ ಕಿಟಕಿಯಲ್ಲಿ, ಅಂದರೆ ಅಗಲ 2000, ಮಟ್ಟ 500ರ ಸುಮಾರಿನಲ್ಲಿ, ಒಂದೊಂದೇ ಸ್ಲೈಸ್ ದಾಟುತ್ತಾ ಖಾಲಿ ಜಾಗದ ಸುತ್ತ ಬನ್ನಿ. ಅಡ್ಡ, ಉದ್ದ, ಮುಂಭಾಗ, ಮೂರೂ ಕಡೆಯಿಂದ ನೋಡಿ. ತಲೆಬುರುಡೆಯ ಮೂಳೆಗೆ ಹೊರಪದರ, ಒಳಪದರ ಎಂದು ಎರಡು ಗಟ್ಟಿ ಪದರ, ನಡುವೆ ಸ್ಪಂಜಿನಂಥ ಭಾಗ. ಕೆಲವು ಕಡೆ ಹೊರಪದರ ಸವೆದು ಒಳಪದರ ನಾಲಿಗೆಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಬರೀ 3ಡಿ ಮಾದರಿಯನ್ನು ಹೊರಗಿನಿಂದ ನೋಡಿದರೆ ಇದು ಗೊತ್ತಾಗದು. ಈ ತೆಳು ನಾಲಿಗೆಯ ತುದಿಯೇ ಅಂಚು ಎಂದುಕೊಂಡರೆ ಹೊರಗಡೆ ಇಂಪ್ಲಾಂಟ್ ಚಿಕ್ಕದಾಗುತ್ತದೆ. ಅದು ಇಲ್ಲವೇ ಇಲ್ಲ ಎಂದುಕೊಂಡರೆ ಇಂಪ್ಲಾಂಟ್ ಅದರ ಮೇಲೆ ಹತ್ತಿ ನಿಲ್ಲುತ್ತದೆ.

ಸರ್ಜನ್ ಕಣ್ಣಿಗೆ ಓಟಿಯಲ್ಲಿ ಮೊದಲು ಕಾಣುವುದು ಹೊರಪದರದ ಅಂಚು. ಹಾಗಾಗಿ ಗಡಿಯನ್ನು ಹೊರಪದರದ ಮೇಲೆ ಎಳೆಯಿರಿ. ಒಳಗಿನ ನಾಲಿಗೆಗೆ ಇಂಪ್ಲಾಂಟಿನ ಕೆಳಭಾಗದಲ್ಲಿ ಜಾಗ ಬಿಡಿ.

ಮೊದಲ ಆಪರೇಷನ್‌ನಲ್ಲಿ ಡ್ರಿಲ್‌ನಿಂದ ಕೊರೆದ ಬರ್ ಹೋಲ್‌ಗಳ ಅರ್ಧ ಚಂದ್ರದ ಗುರುತುಗಳು ಅಂಚಿನಲ್ಲಿ ಇರುತ್ತವೆ. ಇಂಪ್ಲಾಂಟ್ ಪ್ರತಿ ಕೊರಕಲನ್ನೂ ತುಂಬಬೇಕು ಎಂದು ಹೊಸಬರು ಹಟ ಹಿಡಿಯುತ್ತಾರೆ. ಬೇಡ. ಅಂಥ ಅಂಚು ಪರದೆಯ ಮೇಲೆ ಜಿಗ್‌ಸಾ ತುಂಡಿನಂತೆ ಹೊಂದಿಕೊಳ್ಳುತ್ತದೆ, ನಿಜದಲ್ಲಿ ಎರಡು ಮೂರು ಕಡೆ ಒಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಕೊರಕಲನ್ನು ದಾಟಿ ಸರಳ ಗೆರೆ ಎಳೆಯಿರಿ. ಉಳಿದ ಚಿಕ್ಕ ಸಂದಿಯನ್ನು ಬರ್ ಹೋಲ್ ಮುಚ್ಚುವ ಪ್ಲೇಟ್ ನೋಡಿಕೊಳ್ಳುತ್ತದೆ.

ಇದೇ ಹೊತ್ತಿಗೆ ಮೃದು ಕಿಟಕಿಗೆ ಬದಲಿಸಿ ಮೆದುಳನ್ನೂ ನೋಡಿ. ಮೆದುಳು ಮೂಳೆಯ ಒಳಗೆರೆ ದಾಟಿ ಉಬ್ಬಿಕೊಂಡಿದ್ದರೆ ಇಂಪ್ಲಾಂಟ್ ಹಾಕಲು ಜಾಗವೇ ಇಲ್ಲ. ಒಳಗಿನ ನೀರಿನ ಕೋಣೆಗಳು ಹಿಗ್ಗಿದ್ದರೆ ಇನ್ನೂ ಗಂಭೀರ. ವಿನ್ಯಾಸ ನಿಲ್ಲಿಸಿ, ಅದೇ ದಿನ ಸರ್ಜನ್‌ಗೆ ಹೇಳಿ.

## ಹಂತ 6: ಕನ್ನಡಿ ಪ್ರತಿ ಮಾಡಿ

ಎಡಗಡೆ ಇಲ್ಲ, ಬಲಗಡೆ ಇದೆ. ಬಲಗಡೆಯನ್ನು ತಿರುಗಿಸಿ ಎಡಕ್ಕೆ ಇಟ್ಟರೆ ಆಕಾರ ಸಿಗುತ್ತದೆ, ಅಲ್ವಾ? ಹೌದು, ಆದರೆ ತಿರುಗಿಸುವ ನಡುಗೆರೆ ಸರಿ ಇರಬೇಕು. ಚಿತ್ರದ ಮಧ್ಯವನ್ನೇ ನಡುಗೆರೆ ಎಂದುಕೊಳ್ಳಬೇಡಿ, ಸ್ಕ್ಯಾನಿನಲ್ಲಿ ತಲೆ ಸ್ವಲ್ಪ ಒಂದು ಕಡೆಗೆ ತಿರುಗಿಯೇ ಇರುತ್ತದೆ. ಮೂಗಿನ ಬೇರಿನ ಕೀಲು, ಒಳಗಡೆ ಕ್ರಿಸ್ಟಾ ಗಾಲಿ ಎಂಬ ಮೂಳೆಯ ಏಣು, ಹಿಂದೆ ಆಕ್ಸಿಪಿಟಲ್ ಮೂಳೆಯ ಒಳಗುಬ್ಬು, ಕೆಳಗೆ ಬೆನ್ನುಹುರಿ ಹಾಯುವ ದೊಡ್ಡ ರಂಧ್ರದ ಮುಂದಿನ ಹಿಂದಿನ ತುದಿಗಳು. ಇವುಗಳ ಮೂಲಕ ಸಮತಲ ಹಾಯಿಸಿ.

ತಿರುಗಿಸಿದ ಪ್ರತಿಯನ್ನು ಮೂಲದ ಮೇಲೆ ಇಟ್ಟು, ಖಾಲಿ ಜಾಗದ ಸುತ್ತ ಉಳಿದಿರುವ ಮೂಳೆಗೆ ಹೊಂದುವಂತೆ ಜರುಗಿಸಿ. ಯಾರ ತಲೆಯೂ ಎರಡು ಕಡೆ ಸರಿಸಮ ಇರುವುದಿಲ್ಲ. ಹಾಗಾಗಿ ಇಡೀ ತಲೆ ಹೊಂದುವುದಕ್ಕಿಂತ ಅಂಚಿನ ಸುತ್ತಲಿನ ಎರಡು ಮೂರು ಸೆಂಟಿಮೀಟರ್ ಹೊಂದುವುದು ಮುಖ್ಯ. ಆಮೇಲೂ ಅಲ್ಲಿ 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಉಳಿದರೆ ನಾನು ಆ ಪ್ರತಿಯನ್ನು ನಂಬುವುದಿಲ್ಲ. ಅದನ್ನು ದಾರಿ ತೋರಿಸುವ ಮೇಲ್ಮೈಯಾಗಿ ಮಾತ್ರ ಇಟ್ಟುಕೊಂಡು ಅಂಚಿನಿಂದ ಅಂಚಿಗೆ ಬಾಗುವ ಹೊಸ ಮೇಲ್ಮೈ ಎಳೆಯುತ್ತೇನೆ.

ಖಾಲಿ ಜಾಗ ನಡುಗೆರೆ ದಾಟಿದ್ದರೆ, ಉದಾಹರಣೆಗೆ ಹಣೆಯ ಎರಡೂ ಬದಿ ಇಲ್ಲದಿದ್ದರೆ, ಕನ್ನಡಿ ವಿಧಾನ ಕೆಲಸಕ್ಕೆ ಬಾರದು. ಅಪಘಾತಕ್ಕೆ ಮುಂಚಿನ ಸ್ಕ್ಯಾನ್ ಇದ್ದರೆ ಅದೇ ಚಿನ್ನ. ಇಲ್ಲದಿದ್ದರೆ ವಯಸ್ಸು, ಗಾತ್ರ ಹೊಂದುವ ಬೇರೆ ತಲೆಬುರುಡೆಯ ಮಾದರಿಯನ್ನು ಬಗ್ಗಿಸಿ ಕೂರಿಸಬೇಕು. ಕಂಪ್ಯೂಟರ್ ತಾನೇ ಕಲಿತು ಆಕಾರ ಊಹಿಸುವ ವಿಧಾನಗಳೂ ಬಂದಿವೆ. 2020 ಮತ್ತು 2021ರಲ್ಲಿ ಆಟೋಇಂಪ್ಲಾಂಟ್ ಎಂಬ ಸ್ಪರ್ಧೆ ಇದಕ್ಕೆಂದೇ ನಡೆಯಿತು. ಅವು ಕೊಡುವ ಆಕಾರ ಒಳ್ಳೆಯ ಶುರು. ಅಂಚಿನ ಕೆಲಸ ಮಾತ್ರ ನೀವೇ ಮಾಡಬೇಕು.

ಇನ್ನೊಂದು ಮಾತು. ಕನ್ನಡಿ ಪ್ರತಿ ಮಾಡಿದಾಗ ಮೇಲ್ಮೈಯ ಒಳಗು-ಹೊರಗು ಅದಲುಬದಲಾಗುವ ಸಾಧ್ಯತೆ ಇದೆ. ಮುಂದಿನ ಹಂತದಲ್ಲಿ ಬೂಲಿಯನ್ (ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಉಪಕರಣ) ವಿಚಿತ್ರವಾಗಿ ವರ್ತಿಸಿದರೆ ಮೊದಲು ಇದನ್ನೇ ನೋಡಿ.

## ಹಂತ 7: ಇಂಪ್ಲಾಂಟಿಗೆ ಮೈ ಕೊಡಿ

ಮೊದಲು ಹೊರಮೈ. ಅಂಚಿನಲ್ಲಿ ಅದು ಪಕ್ಕದ ಮೂಳೆಗೆ ಸಮವಾಗಿರಬೇಕು, ಮೆಟ್ಟಿಲು ಬೀಳಬಾರದು. ನಡುವೆ ಕನ್ನಡಿ ಪ್ರತಿಗಿಂತ ಒಂದು ಮಿಲಿಮೀಟರ್ ತಗ್ಗಿದ್ದರೆ ತೊಂದರೆ ಇಲ್ಲ. ತಿಂಗಳುಗಟ್ಟಲೆ ತಗ್ಗಿದ್ದ ಚರ್ಮ ಕುಗ್ಗಿರುತ್ತದೆ. ಇಂಪ್ಲಾಂಟ್ ಉಬ್ಬಿದ್ದರೆ ಚರ್ಮ ಬಿಗಿಯಾಗಿ ಹೊಲಿಗೆ ಬಿಟ್ಟುಕೊಳ್ಳುವ ಅಪಾಯ ಇದೆ.

ಆಮೇಲೆ ದಪ್ಪ. ಪಿಎಂಎಂಎ (ಮೂಳೆ ಸಿಮೆಂಟ್), ಪೀಕ್ (ಒಂದು ಗಟ್ಟಿ ಪ್ಲಾಸ್ಟಿಕ್) ಎರಡಕ್ಕೂ ಸುಮಾರು 4 ಮಿ.ಮೀ. ಇಟ್ಟು ಶುರು ಮಾಡಿ. ಮೂಳೆ ಅಲ್ಲಿ 7 ಮಿ.ಮೀ. ಇದೆ ಎಂದು ಇಂಪ್ಲಾಂಟನ್ನೂ 7 ಮಿ.ಮೀ. ಮಾಡಬೇಕಿಲ್ಲ, ಒಳಗೆ ಮೆದುಳಿಗೆ ಜಾಗ ಸಿಗಲಿ. ಅಂತಿಮ ದಪ್ಪವನ್ನು ತಯಾರಕರು ಆ ವಸ್ತುವಿನ ಬಲ ನೋಡಿ ಹೇಳಬೇಕು.

ಸುತ್ತಲೂ 0.5ರಿಂದ 1 ಮಿ.ಮೀ. ಸಂದಿ ಬಿಡಿ. ಸೊನ್ನೆ ಸಂದಿಯ ಇಂಪ್ಲಾಂಟ್ ಪರದೆಯಲ್ಲಿ ಮಾತ್ರ ಕೂರುತ್ತದೆ. ಓಟಿಯಲ್ಲಿ ಅಂಚಿಗೆ ಅಂಟಿದ ಗಾಯದ ಪೊರೆ ಪೂರ್ತಿ ಬಿಟ್ಟುಬರುವುದಿಲ್ಲ, ಅದಕ್ಕೂ ಜಾಗ ಬೇಕು.

ಅಂಚಿನ ಓರೆ ಬಹಳ ಮುಖ್ಯ. ಆಯುಧಪೂಜೆಗೆ ಬೂದುಗುಂಬಳಕ್ಕೆ ಕುಂಕುಮ ತುಂಬಲು ಮೇಲೆ ಒಂದು ತುಂಡು ತೆಗೆಯುತ್ತೇವಲ್ಲ, ಚಾಕು ಓರೆಯಾಗಿ ಹಿಡಿದು ಕೊಯ್ದರೆ ಆ ತುಂಡು ವಾಪಸ್ ಇಟ್ಟಾಗ ಒಳಗೆ ಬೀಳುವುದಿಲ್ಲ. ಇಂಪ್ಲಾಂಟೂ ಹಾಗೇ ಇರಬೇಕು, ಹೊರಗೆ ಅಗಲ, ಒಳಗೆ ಕಿರಿದು.

ಕೂರಿಸುವ ದಾರಿಯನ್ನು ಈಗಲೇ ನೋಡಿ. ದೊಡ್ಡ ಇಂಪ್ಲಾಂಟ್ ಹಣೆಯಿಂದ ಕಿವಿಯ ಹಿಂದಿನ ತನಕ ಬಾಗಿರುತ್ತದೆ. ಅದು ಒಂದೇ ದಿಕ್ಕಿನಲ್ಲಿ ನೇರವಾಗಿ ಇಳಿಯಬೇಕು. ಬ್ಲೆಂಡರ್‌ನಲ್ಲಿ ಇಂಪ್ಲಾಂಟನ್ನು ಆ ದಿಕ್ಕಿಗೆ 20 ಮಿ.ಮೀ. ಎತ್ತಿ, ಒಂದೊಂದೇ ಮಿಲಿಮೀಟರ್ ಇಳಿಸುತ್ತಾ ಬನ್ನಿ. ಎಲ್ಲಿ ಮೂಳೆಯೊಳಗೆ ತೂರುತ್ತದೋ ಅಲ್ಲಿ ಸವೆಸಿ. ಕಣ್ಣಿನ ಹೊರಗಡೆಯ ಸ್ಫಿನಾಯ್ಡ್ ಮೂಳೆಯ ಮೂಲೆಯಲ್ಲಿ ಹೆಚ್ಚಾಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಂದಿಯನ್ನು ಸ್ವಲ್ಪ ಜಾಸ್ತಿ ಬಿಡಿ. ಸ್ನಾಯು ಅದನ್ನು ಮುಚ್ಚುತ್ತದೆ.

## ಹಂತ 8: ತೂತುಗಳು, ಸ್ಕ್ರೂ ಜಾಗ, ಗುರುತು

ಇಂಪ್ಲಾಂಟಿನ ಮೈಯಲ್ಲಿ 2ರಿಂದ 3 ಮಿ.ಮೀ. ತೂತುಗಳು ಬೇಕು. ಕೆಳಗೆ ರಕ್ತ, ನೀರು ನಿಂತರೆ ಹೊರಬರಲು ದಾರಿ, ಮತ್ತು ಡ್ಯೂರಾ ಪೊರೆಯನ್ನು ಮೇಲಕ್ಕೆತ್ತಿ ಹೊಲಿಯಲು ಆಸರೆ. ನಡುವೆ ಒಂದು ಜೋಡಿ ಇರಲೇಬೇಕು. ಎಷ್ಟು, ಎಲ್ಲಿ ಎಂಬುದನ್ನು ಸರ್ಜನ್ ಹೇಳಲಿ. ತೂತಿನ ಬಾಯಿ ಚೂಪಾಗಿ ಬಿಟ್ಟರೆ ಹೊಲಿಗೆ ದಾರ ಕತ್ತರಿಸಿಹೋಗುತ್ತದೆ, ದುಂಡಗೆ ಮಾಡಿ.

ಪ್ಲೇಟು ಸ್ಕ್ರೂ ಕೂರುವ ಕಡೆ ಅಂಚನ್ನು ತೆಳು ಮಾಡಬೇಡಿ. ಹಣೆಯ ಸೈನಸ್ (ಮೂಳೆಯೊಳಗಿನ ಗಾಳಿಗೂಡು) ಇರುವ ಜಾಗದ ಮೂಳೆಗೆ ಸ್ಕ್ರೂ ಬರದ ಹಾಗೆ ನೋಡಿ. ಒಳಮೈಯಲ್ಲಿ ಕೋಡ್, ಎಡ ಅಥವಾ ಬಲ, ಮುಂದೆ ಯಾವುದು ಎಂಬ ಬಾಣ ಕೊರೆಯಿರಿ.

## ಹಂತ 9: ಪ್ರಿಂಟ್ ತೆಗೆದು ಕೈಯಲ್ಲಿ ಕೂರಿಸಿ ನೋಡಿ

ಎಸ್‌ಟಿಎಲ್ ಫೈಲಿನಲ್ಲಿ (ಪ್ರಿಂಟರ್‌ಗೆ ಕೊಡುವ 3ಡಿ ಆಕಾರದ ಫೈಲ್) ಅಳತೆಯ ಮಾನ ಇರುವುದಿಲ್ಲ. ಒಂದು ಸಾಫ್ಟ್‌ವೇರ್ ಮಿಲಿಮೀಟರ್ ಎಂದದ್ದನ್ನು ಇನ್ನೊಂದು ಇಂಚು ಎಂದು ಓದಿದರೆ 25.4 ಪಟ್ಟು ತಪ್ಪುತ್ತದೆ. ಅದು ಕಣ್ಣಿಗೆ ಬೀಳುತ್ತದೆ ಬಿಡಿ. ಪ್ರಿಂಟರ್ ಶೇಕಡ ಒಂದು ಕುಗ್ಗಿಸಿದರೆ ಕಣ್ಣಿಗೆ ಬೀಳುವುದಿಲ್ಲ, 120 ಮಿ.ಮೀ. ಉದ್ದದಲ್ಲಿ ಅದು 1.2 ಮಿ.ಮೀ. ಆದ್ದರಿಂದ ಮಾದರಿಯ ಜೊತೆ 100 ಮಿ.ಮೀ. ಉದ್ದದ ಒಂದು ಪಟ್ಟಿ ಪ್ರಿಂಟ್ ಮಾಡಿ ಕ್ಯಾಲಿಪರ್‌ನಲ್ಲಿ ಅಳೆಯಿರಿ.

ಖಾಲಿ ಜಾಗದ ಸುತ್ತಲಿನ ಮೂಳೆಯನ್ನು ಕನಿಷ್ಠ ನಾಲ್ಕು ಬೆರಳಗಲ ಬಿಟ್ಟು ಪ್ರಿಂಟ್ ಮಾಡಿ, ಇಂಪ್ಲಾಂಟನ್ನೂ ಮಾಡಿ. ಕೈಯಲ್ಲಿ ಕೂರಿಸಿ. ಒತ್ತಬಾರದು, ಸುಮ್ನೆ ಇಟ್ಟರೆ ಕೂರಬೇಕು. ಒಂದು ಮೂಲೆ ಒತ್ತಿದಾಗ ಎದುರು ಮೂಲೆ ಏಳುತ್ತಿದ್ದರೆ ಎಲ್ಲೋ ಒಂದು ಕಡೆ ತಗುಲುತ್ತಿದೆ. ಅಂಚಿಗೆ ಲಿಪ್‌ಸ್ಟಿಕ್ ಅಥವಾ ಸೀಮೆಸುಣ್ಣದ ಪುಡಿ ಸವರಿ ಮತ್ತೆ ಇಡಿ. ಬಣ್ಣ ಅಂಟಿದ ಜಾಗವೇ ತಗುಲುವ ಜಾಗ. ತಿದ್ದುವುದನ್ನು ಪ್ಲಾಸ್ಟಿಕ್ಕಿನ ಮೇಲೆ ಮಾಡಿ ಬಿಡಬೇಡಿ, ಫೈಲಿಗೆ ಹೋಗಿ ಅಲ್ಲಿ ತಿದ್ದಿ, ಮತ್ತೆ ಪ್ರಿಂಟ್ ತೆಗೆಯಿರಿ.

ಆಮೇಲೆ ಆ ಎರಡೂ ತುಂಡನ್ನು ಸರ್ಜನ್ ಕೈಗೆ ಕೊಡಿ. ಪರದೆಯಲ್ಲಿ ನೋಡಿ ಒಪ್ಪಿದವರು ಕೈಗೆ ಬಂದಾಗ ಹೊಸ ಪ್ರಶ್ನೆ ಕೇಳುತ್ತಾರೆ. ಅವರ ಒಪ್ಪಿಗೆ ಲಿಖಿತವಾಗಿರಲಿ, ಫೈಲಿನ ಹೆಸರು, ತಾರೀಕು ಅದರಲ್ಲಿರಲಿ.

## ಹಂತ 10: ವಸ್ತು, ತಯಾರಿ, ಕ್ರಿಮಿಶುದ್ಧಿ

ಪಿಎಂಎಂಎ ಅಂದರೆ ಮೂಳೆ ಸಿಮೆಂಟ್, ಅಗ್ಗ. ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯಾಗುತ್ತದೆ, ಅದಕ್ಕೇ ಅಚ್ಚಿನಲ್ಲಿ ಹಾಕಿ ದೇಹದ ಹೊರಗೇ ಗಟ್ಟಿ ಮಾಡುವುದು ಕ್ಷೇಮ. 12×10 ಸೆಂ.ಮೀ. ಅಂಡಾಕಾರದ, 4 ಮಿ.ಮೀ. ದಪ್ಪದ ತುಂಡಿಗೆ ಲೆಕ್ಕದ ಪ್ರಕಾರ ಸುಮಾರು 38 ಮಿ.ಲೀ. ಬೇಕು, ಬಾಗು ಸೇರಿದರೆ ಇನ್ನೂ ಜಾಸ್ತಿ. ಸಾಫ್ಟ್‌ವೇರ್ ತೋರಿಸುವ ಘನ ಅಳತೆಯನ್ನು ಓಟಿಗೆ ಮೊದಲೇ ತಿಳಿಸಿ. ಅರ್ಧದಲ್ಲಿ ಸಿಮೆಂಟ್ ಮುಗಿಯಬಾರದು. ಸಿಮೆಂಟಿನ ದ್ರವ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ಪ್ರಿಂಟ್ ಮಾಡಿದ ಅಚ್ಚಿಗೆ ನೇರವಾಗಿ ಹುಯ್ಯಬೇಡಿ, ವೈದ್ಯಕೀಯ ದರ್ಜೆಯ ಸಿಲಿಕೋನ್ ಅಚ್ಚು ಬಳಸಿ.

ಪೀಕ್ ಹಗುರ, ಎಕ್ಸ್‌ರೇಗೆ ಅಡ್ಡ ಬರುವುದಿಲ್ಲ, ಬೆಲೆ ಜಾಸ್ತಿ. ಟೈಟಾನಿಯಂ ಗಟ್ಟಿ, ತೆಳ್ಳಗೆ ಮಾಡಬಹುದು, ಆದರೆ ಮುಂದಿನ ಸ್ಕ್ಯಾನ್‌ಗಳಲ್ಲಿ ಸ್ವಲ್ಪ ನೆರಳು ಬೀಳುತ್ತದೆ. ಇವೆರಡನ್ನೂ ಹಬೆಯ ಆಟೋಕ್ಲೇವ್‌ನಲ್ಲಿ ಶುದ್ಧ ಮಾಡಬಹುದು. ಮೊದಲೇ ಮಾಡಿಟ್ಟ ಪಿಎಂಎಂಎಯನ್ನು ಆಟೋಕ್ಲೇವ್‌ಗೆ ಹಾಕಿದರೆ ಸೊಟ್ಟಗಾಗುತ್ತದೆ, ಅದಕ್ಕೆ ಎಥಿಲೀನ್ ಆಕ್ಸೈಡ್ ಅನಿಲ. ಪಿಎಲ್ಎ 60 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ. 121 ಡಿಗ್ರಿಯ ಆಟೋಕ್ಲೇವ್ ಅದಕ್ಕಲ್ಲ. ಪಿಎಲ್ಎ ಮಾದರಿ ಓಟಿಯ ಶುದ್ಧ ಮೇಜಿನ ಮೇಲೆ ಹೋಗಬಾರದು.

ಭಾರತದಲ್ಲಿ ಇಂಪ್ಲಾಂಟುಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿ ಬರುತ್ತವೆ. ಒಬ್ಬ ರೋಗಿಗೆಂದೇ ಮಾಡುವ ಸಾಧನಕ್ಕೆ ಆ ವಿಭಾಗದ ತಜ್ಞ ವೈದ್ಯರ ಲಿಖಿತ ಚೀಟಿ ಇರಬೇಕು. ಕಾಲೇಜಿನ ಲ್ಯಾಬಿನಲ್ಲಿ ಪ್ರಿಂಟ್ ಮಾಡಿದ್ದು ಎಷ್ಟೇ ಚಂದ ಕೂತರೂ ಅದು ಅಭ್ಯಾಸದ ಮಾದರಿ ಮಾತ್ರ.

## ಎಚ್ಚರಿಕೆ ಚಿಹ್ನೆಗಳು: ಇವು ಕಂಡರೆ ಮುಂದೆ ಹೋಗಬೇಡಿ

- ನೆತ್ತಿಯ ಮೇಲೆ ಉಂಗುರ ಉಂಗುರವಾಗಿ ಮೆಟ್ಟಿಲು. ಸ್ಲೈಸ್ ದಪ್ಪ ಜಾಸ್ತಿ.
- ಥ್ರೆಶೋಲ್ಡ್ 50 ಸಂಖ್ಯೆ ಬದಲಿಸಿದರೆ ಅಂಚು ಎರಡು ಮೂರು ಮಿಲಿಮೀಟರ್ ಓಡುತ್ತದೆ. ಅಲ್ಲಿ ಮೂಳೆ ತೆಳು, ಅಥವಾ ಅರ್ಧ ಕರಗಿದೆ.
- ಸ್ಕ್ಯಾನ್ ಆದ ಮೇಲೆ ರೋಗಿಗೆ ಮತ್ತೊಂದು ಆಪರೇಷನ್ ಆಗಿದೆ, ಅಥವಾ ಶಂಟ್ ಹಾಕಿದ್ದಾರೆ. ಹೊಸ ಸ್ಕ್ಯಾನ್ ಬೇಕು.
- ಬೇರೆ ಸಾಫ್ಟ್‌ವೇರ್‌ಗೆ ಹಾಕಿದಾಗ ತಲೆ ಹಿಂದುಮುಂದು ತಿರುಗಿದೆ. ಎರಡರ ಅಕ್ಷದ ಪದ್ಧತಿ ಬೇರೆ. ಕೈಯಿಂದ ತಿರುಗಿಸಿ ಸರಿಮಾಡಲು ಹೋಗಿ ಎಡ-ಬಲ ಬದಲಿಸಿಬಿಡುವುದು ಸುಲಭ. ರಫ್ತು ಮಾಡುವ ಸೆಟ್ಟಿಂಗನ್ನೇ ಸರಿಪಡಿಸಿ.
- ಇಂಪ್ಲಾಂಟ್ ಕೂರಬೇಕಾದ ಜಾಗದ ಮೇಲಿನ ಚರ್ಮ ತೆಳುವಾಗಿದೆ, ಗಾಯ ಒದ್ದೆಯಾಗಿದೆ ಎಂದು ಮನೆಯವರು ಹೇಳುತ್ತಾರೆ. ವಿನ್ಯಾಸದ ಮಾತೇ ಬೇಡ, ಮೊದಲು ಡಾಕ್ಟರ್ ನೋಡಲಿ.

## ಹಂತ 11: ಆಪರೇಷನ್ ಆದ ಮೇಲಿನ ಸ್ಕ್ಯಾನ್ ಕೇಳಿ ಪಡೆಯಿರಿ

ಆಪರೇಷನ್ ನಂತರ ಸಾಮಾನ್ಯವಾಗಿ ಒಂದು ಸಿಟಿ ಮಾಡುತ್ತಾರೆ. ನಮಗಾಗಿ ಹೊಸದಾಗಿ ಮಾಡಿಸಬಾರದು, ಮಾಡಿದ್ದರೆ ಅದರ ತೆಳು ಸ್ಲೈಸ್ ಕೇಳಿ. ಅದನ್ನು ನಿಮ್ಮ ವಿನ್ಯಾಸದ ಮೇಲೆ ಇಟ್ಟು ಅಂಚಿನ ಸುತ್ತ ಸಂದಿ ಅಳೆಯಿರಿ: ಮುಂದೆ, ಹಿಂದೆ, ಮೇಲೆ, ಕೆಳಗೆ. ಓಟಿಯಲ್ಲಿ ಎಲ್ಲಿ ಸವೆಸಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಸರ್ಜನ್‌ನ ಕೇಳಿ ಅದೇ ಫೈಲಿನ ಜೊತೆ ಬರೆದಿಡಿ. ಸಂದಿ ಒಂದೇ ಬದಿಯಲ್ಲಿ ದೊಡ್ಡದಿದ್ದರೆ ಇಂಪ್ಲಾಂಟ್ ಜರುಗಿ ಕೂತಿದೆ, ಕೂರಿಸುವ ದಾರಿಯನ್ನು ಮತ್ತೆ ನೋಡಬೇಕು. ಸುತ್ತಲೂ ಸಮನಾಗಿ ದೊಡ್ಡದಿದ್ದರೆ ಥ್ರೆಶೋಲ್ಡ್ ಅಥವಾ ಪ್ರಿಂಟರ್ ಅಳತೆಯಲ್ಲಿ ತಪ್ಪಿದೆ.